ಭೇದ ಮಾಡದೆ ಬಡಿಸಿದವರು

ಅವರು ತೀರಿಕೊಂಡ ಸುದ್ದಿ ನನಗೆ ಮೂರು ದಿನ ತಡವಾಗಿ ಮುಟ್ಟಿತು. ಹೇಳಬೇಕಾದವರು ಹಿರೇಹಡಗಲಿಯಲ್ಲಿ ಇಬ್ಬರಿದ್ದರು. ಇಬ್ಬರ ಬಳಿಯೂ ನನ್ನ ಫೋನ್ ಸಂಖ್ಯೆ ಇತ್ತು. ಇಬ್ಬರೂ ಹೇಳಲಿಲ್ಲ. ಹೂವಿನಹಡಗಲಿಯಿಂದ ಮಲ್ಲಿಗೆ ತರುವ ಹೆಣ್ಣುಮಗಳು ಕೊಟ್ಟೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಬುಟ್ಟಿ ಇಳಿಸುತ್ತಾ, ಕಾಲು ಒತ್ತಿ ನೋಡುವ ಕಂಪೌಂಡರು ಹೋದರಂತೆ, ಮಣ್ಣೂ ಆಯಿತಂತೆ ಎಂದು, ಹೂವಿನ ಧಾರಣೆ ಇಳಿದ ಸುದ್ದಿಯ ಜೊತೆಗೆ ಸೇರಿಸಿ ಹೇಳಿದಳು. ಅವಳನ್ನು ದೂರಲಾರೆ. ಆ ಇಬ್ಬರನ್ನು ಮರೆಯುವುದಿಲ್ಲ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಕೈಬರಹದಲ್ಲೇ ಅದು ಒಂದು ಕಾಗದದ ಮೇಲಿದೆ. ಆ ಕಾಗದದ ವಿಷಯ ಮುಂದೆ ಬರುತ್ತದೆ. ಎರಡು ಕಡೆ ದಾಖಲಿಸುವ ಅಗತ್ಯವಿಲ್ಲವೆಂಬುದು, ಹರಪನಹಳ್ಳಿ ಮತ್ತು ಕೂಡ್ಲಿಗಿಯ ನ್ಯಾಯಾಲಯಗಳಲ್ಲಿ ಶಿರಸ್ತೇದಾರನಾಗಿ ಮೂವತ್ತು ವರ್ಷ ಕಡತ ನೋಡಿದವನ ಅಭಿಪ್ರಾಯ.

ಎತ್ತರದ ಆಳು. ನೇರವಾಗಿ ನಿಂತದ್ದನ್ನು ನಾನು ಕಂಡಿಲ್ಲ. ಸೊಂಟದಿಂದ ಮೇಲೆ ಸದಾ ಮುಂದಕ್ಕೆ ಬಾಗಿರುತ್ತಿದ್ದರು. ಕೈ ಖಾಲಿ ಇದ್ದಾಗಲೂ ಬಲಗೈಯಲ್ಲೊಂದು ಬಕೆಟ್ಟು ತೂಗುತ್ತಿದೆಯೇನೋ ಎಂಬಂಥ ಬಾಗು. ಅದು ವಯಸ್ಸಿನಿಂದ ಬಂದದ್ದಲ್ಲ. ತಂದೆತಾಯಿಯಿಲ್ಲದ ಹುಡುಗನಾಗಿ ಒಂದು ಮಠದಲ್ಲಿ ಬೆಳೆದವರು. ಏಳನೆಯ ವಯಸ್ಸಿನಿಂದ ಕಾಲೇಜು ಮುಗಿಯುವ ತನಕ ದಾಸೋಹದ ಸಾಲುಗಳಲ್ಲಿ ಬಡಿಸಿದ್ದರು. ಬಡಿಸುವವರ ಬೆನ್ನು ಒಮ್ಮೆ ಬಾಗಿದರೆ ಮತ್ತೆ ಪೂರ್ತಿ ಏಳುವುದಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದುಂಟು.

ಬಲಗೈಯ ಹೆಬ್ಬೆರಳಿನ ಉಗುರನ್ನು ಮಾಂಸ ಕಾಣುವಂತೆ ಕತ್ತರಿಸಿಕೊಳ್ಳುತ್ತಿದ್ದರು. ಆ ಹೆಬ್ಬೆರಳಿನಿಂದಲೇ ಅವರು ಈ ಸೀಮೆಯಲ್ಲೆಲ್ಲ ಗುರುತಾದದ್ದು. ಸಂತೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಯಾರನ್ನಾದರೂ ಕಂಡರೆ, ಒಂದು ಮಾತೂ ಆಡದೆ ಬಾಗಿ, ಅವರ ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳನ್ನು ಊರುತ್ತಿದ್ದರು. ಐದು ಉಸಿರಿನ ಹೊತ್ತು ಒತ್ತಿ ತೆಗೆಯುವುದು. ಮೈಯಲ್ಲಿ ನೀರು ನಿಂತವರಿಗೆ ಅಲ್ಲೊಂದು ಕುಳಿ ಉಳಿಯುತ್ತದೆ. ಆ ಕುಳಿ ತುಂಬಿಕೊಳ್ಳುವ ತನಕ ಅವರು ತುಟಿಯಲ್ಲೇ ಎಣಿಸುತ್ತಿದ್ದರು. ಎಣಿಕೆ ಚಿಕ್ಕದಾದರೆ ಮುಗುಳ್ನಕ್ಕು ಹೋಗುವುದು. ದೊಡ್ಡದಾದರೆ ಅಂಕಿಯನ್ನು ಗಟ್ಟಿಯಾಗಿ ಹೇಳಿ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಚೀಟಿ ಬರೆದುಕೊಡುವುದು. ಚೀಟಿ ಸಿಕ್ಕವರಲ್ಲಿ ಕೆಲವರು ಸತ್ತರು. ಕಾಯಿಲೆಯಿಂದ ಸತ್ತರೆಂದು ಜನ ತಿಳಿಯಲಿಲ್ಲ. ಅವರು ಎಣಿಸಿದ್ದರಿಂದ ಸತ್ತರೆಂದು ತಿಳಿದರು. ಅವರು ಬಸ್ಸು ಹತ್ತಿದರೆ ಜನ ಕಾಲುಗಳನ್ನು ಸೀಟಿನ ಮೇಲಕ್ಕೆ ಎಳೆದುಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಒಬ್ಬ ಮುದುಕಿ ಒಮ್ಮೆ ಸೆರಗಿನಿಂದ ಪಾದ ಮುಚ್ಚಿಕೊಂಡು, ‘ನಂದು ಎಣಿಸಬ್ಯಾಡೋ ಯಪ್ಪಾ, ಮೊಮ್ಮಗಳ ಮದಿವಿ ಐತಿ’ ಎಂದು ಬೇಡಿಕೊಂಡಿದ್ದಳು. ಅವರು ಆಕೆಗೆ ಕೈಮುಗಿದು ಮುಂದಿನ ಸೀಟಿಗೆ ಸರಿದರು. ಮುಂದಿನ ಸೀಟಿನಲ್ಲಿದ್ದವನು ಎದ್ದು ನಿಂತ.

ನನ್ನ ಕಾಲನ್ನೂ ಒತ್ತಿದರು. ಅದು ಆಮೇಲಿನ ಮಾತು.

ಮೊದಲು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ. ನನ್ನ ತಮ್ಮ ಅಲ್ಲಿ ಮಲಗಿದ್ದ. ಅವನು ಕೊಟ್ಟೂರು–ಹರಪನಹಳ್ಳಿ ದಾರಿಯ ಬಸ್ ಕಂಡಕ್ಟರು. ದಿನವಿಡೀ ನಿಂತು ಸೊಂಟ ಹಿಡಿದುಕೊಂಡು, ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ಶೇಂಗಾ ತಿಂದಂತೆ ತಿಂದಿದ್ದ. ಒಂದು ದಿನ ಮೂತ್ರ ನಿಂತಿತು; ಮುಖ ಬಾತುಕೊಂಡಿತು. ಅವನಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸವಿತ್ತು: ಎಷ್ಟೇ ಬಾಯಾರಿದ್ದರೂ ಲೋಟದ ತಳದಲ್ಲಿ ಒಂದು ಗುಟುಕು ನೀರು ಬಿಡುತ್ತಿದ್ದ. ತಳದ ನೀರು ಬಿಟ್ಟರೆ ಮನೆಯ ಭಾಗ್ಯ ಬಿಟ್ಟಂತೆ ಎಂದು ಅವ್ವ ಬೈಯುತ್ತಿದ್ದಳು. ಆಸ್ಪತ್ರೆಯಲ್ಲಿ ಅವನಿಗೆ ಇಷ್ಟೇ ನೀರೆಂದು ಅಳೆದು ಕೊಡುತ್ತಿದ್ದರು. ಅದರಲ್ಲೂ ಒಂದು ಗುಟುಕು ಬಿಡುತ್ತಿದ್ದ.

ಡಯಾಲಿಸಿಸ್ ನಡೆಯುತ್ತಿದ್ದಾಗಲೇ ದೊಡ್ಡ ಡಾಕ್ಟರು ನನ್ನನ್ನು ಕರೆಸಿ, ಒಂದು ಹೊಸ ಔಷಧದ ಪರೀಕ್ಷೆ ನಡೆದಿದೆ, ಸೇರಿಸಬಹುದೇ ಎಂದು ಕೇಳಿದರು. ಮೈಯಲ್ಲಿ ರಕ್ತ ಹೆಚ್ಚಾಗಿ ಹೃದಯದ ಗೋಡೆ ಹಿಗ್ಗಿದಾಗ ಹೃದಯವೇ ಒಂದು ಹಾರ್ಮೋನನ್ನು ಸುರಿಸುತ್ತದಂತೆ. ಉಪ್ಪನ್ನೂ ನೀರನ್ನೂ ಹೊರಗೆ ಹಾಕು ಎಂದು ಅದು ಮೂತ್ರಪಿಂಡಕ್ಕೆ ಹೇಳುತ್ತದಂತೆ. ಅದೇ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ಕಟ್ಟಿದ್ದಾರೆ. ಕೆಟ್ಟುನಿಂತ ಮೂತ್ರಪಿಂಡವನ್ನು ಅದು ಎಬ್ಬಿಸಬಲ್ಲದೇ ಎಂಬುದನ್ನು ನೋಡುತ್ತಿದ್ದಾರೆ. ಅಪಾಯವೂ ಉಂಟು, ಬಿ.ಪಿ. ಇಳಿಯಬಹುದು. ಮತ್ತು ಸೇರಿದವರಲ್ಲಿ ಅರ್ಧ ಜನಕ್ಕೆ ಮಾತ್ರ ಔಷಧ. ಉಳಿದ ಅರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ನಾನು ಎರಡು ಸಲ ಓದಿ ಸಹಿ ಹಾಕಿದೆ.

ಸಹಿ ಹಾಕಿಸಿಕೊಂಡವರು ಇವರು. ಆ ಪರೀಕ್ಷೆಯ ಔಷಧಗಳ ಉಸ್ತುವಾರಿ ಇವರ ಕೈಯಲ್ಲಿತ್ತು: ಸೀಸೆ ಎಣಿಸುವುದು, ಪುಡಿ ಕರಗಿಸುವುದು, ಸಲಾಯಿನ್ ಬಾಟಲಿಗೆ ಸೇರಿಸುವುದು. ಹಾಗಾದರೆ ಯಾವುದು ಔಷಧವೆಂದು ಯಾರಿಗೆ ಗೊತ್ತು ಎಂದು ನಾನು ನ್ಯಾಯಾಲಯದ ಧಾಟಿಯಲ್ಲಿ ಕೇಳಿದೆ.

‘ಅರಗು ಹಾಕಿ ಮುಚ್ಚಿದ ಲಕೋಟಿಗೆ ಗೊತ್ತೈತ್ರಿ, ಅಣ್ಣಾರ’ ಎಂದರು.

ನಾನು ಆಗ ಇನ್ನೂ ಸೇವೆಯಲ್ಲಿದ್ದೆ. ಎಲ್ಲರೂ ಸಾಹೇಬರೆಂದು ಕರೆಯುತ್ತಿದ್ದವನನ್ನು ಇವರು ಅಣ್ಣನೆಂದರು. ಅಷ್ಟೇ ಅಲ್ಲ, ನನ್ನ ತಮ್ಮನನ್ನು ಹೆಸರಿನಿಂದ ಕರೆಯದೆ ‘ಹದಿನಾಲ್ಕನೇಯವರು’ ಎಂದರು. ಪಕ್ಕದ ಹಾಸಿಗೆಯಲ್ಲಿ ವಾಂತಿಭೇದಿಯಿಂದ ಮೂತ್ರಪಿಂಡ ಕೆಟ್ಟು ಬಂದಿದ್ದ ಗುಡೇಕೋಟೆಯ ಕುರಿಗಾರ ‘ಹದಿನೈದನೇಯವರು’. ಹೆಸರು ಬರೆಯಬಾರದೆಂಬುದು ಪರೀಕ್ಷೆಯ ನಿಯಮವಿದ್ದೀತು. ಹಾಸಿಗೆಯ ಪಕ್ಕ ನಿಂತು ಕರೆಯುವುದಕ್ಕೆ ಯಾವ ನಿಯಮ?

ಆದರೂ ಒಂದು ಸಂಜೆ ಅವರ ಮಾತು ಕೇಳುತ್ತಾ ಕುಳಿತದ್ದುಂಟು. ಎದೆ ಬರೀ ಬಡಿದುಕೊಳ್ಳುತ್ತದೆ ಎಂದು ತಿಳಿದಿದ್ದೇವೆ, ಅದು ಮಾತೂ ಆಡುತ್ತದೆ ಎಂದು ಶುರುಮಾಡಿದರು. ಆ ವರ್ಷಗಳಲ್ಲಿ ನಮ್ಮ ಊರುಗಳ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ಮನೆಯವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ಯಾವುದೋ ಒಂದು ತಿರುಗುತ್ತಿದೆ, ಓಗೊಟ್ಟರೆ ಸತ್ತಂತೆ ಎಂಬ ಪುಕಾರು. ಅದನ್ನೇ ಹಿಡಿದು ಅವರು ಹೇಳಿದರು:

‘ನಾವು ಮಾಡೋದೂ ಅದ ನೋಡ್ರಿ. ಎದಿ ದನಿ ಕದ್ದು, ಕಿಡ್ನಿ ಬಾಗಿಲದಾಗ ನಿಂತು ಕರೀತೀವಿ. ಅದು ಓಗೊಟ್ರ ಬದುಕ್ತಾರ. ಓಗೊಡದಿದ್ರ ಇಲ್ಲ. ಅಲ್ಲಿಗೂ ಇಲ್ಲಿಗೂ ಅಷ್ಟ ಫರಕು.’

ನನ್ನ ತಮ್ಮ ನಕ್ಕ. ‘ನನ್ನ ಕಿಡ್ನಿ ಕಂಡಕ್ಟರ್ ಕಿಡ್ನಿರಿ. ಸೀಟಿ ಊದಿದ್ರ ಅಷ್ಟ ಏಳ್ತೈತಿ’ ಎಂದ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ. ಒಂಬತ್ತನೆಯ ದಿನ ಮಧ್ಯಾಹ್ನ ಹೋದ. ಕುರಿಗಾರ ಹನ್ನೆರಡನೆಯ ದಿನ ನಡೆದುಕೊಂಡು ಊರಿಗೆ ಹೋದ.

ತಮ್ಮನಿಗೆ ಕೊಟ್ಟದ್ದು ಔಷಧವೋ ನೀರೋ? ಅವನು ಹೋದ ಮೇಲೆ ನನಗೆ ಬೇಕಾಗಿದ್ದುದು ಆ ಒಂದು ಉತ್ತರ. ನೀರಾಗಿದ್ದರೆ ನಾನು ಸಹಿ ಹಾಕಿ ಅವನನ್ನು ನೀರಿಗೆ ಒಪ್ಪಿಸಿದೆ ಎಂದಾಗುತ್ತದೆ. ಔಷಧವಾಗಿದ್ದರೆ ಮಾಡಬಹುದಾದುದನ್ನು ಮಾಡಿದೆ ಎಂದಾದರೂ ಆಗುತ್ತದೆ. ಪರೀಕ್ಷೆ ಮುಗಿಯದೆ ಲಕೋಟೆ ತೆರೆಯುವಂತಿಲ್ಲ ಎಂದರು. ನಾನು ನಾಲ್ಕು ಪತ್ರ ಬರೆದೆ. ಮೊದಲೆರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಉತ್ತರದಲ್ಲಿ ತಮ್ಮನ ವಯಸ್ಸನ್ನು ಎರಡು ವರ್ಷ ತಪ್ಪಾಗಿ ಬರೆದಿದ್ದರು. ನಾಲ್ಕನೆಯದಕ್ಕೆ, ಬಹಳ ಕಾಲದ ಮೇಲೆ, ನಾನು ನಿವೃತ್ತನಾದ ವರ್ಷ, ಉತ್ತರ ಬಂತು: ತಮ್ಮ ಸಹೋದರರು ಔಷಧ ಪಡೆದ ಗುಂಪಿನಲ್ಲಿದ್ದರು, ಪರೀಕ್ಷೆಯಲ್ಲಿ ಔಷಧಕ್ಕೂ ಉಪ್ಪುನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬಂದಿಲ್ಲ.

ಆ ಪತ್ರವನ್ನು ಮಡಿಸಿಟ್ಟು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಾಡಿಕೊಂಡೂ ಇದ್ದೆ. ಆದರೆ ಆ ಚಳಿಗಾಲ ಗುಡೇಕೋಟೆಯ ಕುರಿಗಾರ ಒಂದು ಚೀಲ ಸೀತಾಫಲ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಆಸ್ಪತ್ರೆಯಲ್ಲಿ ನನ್ನ ತಮ್ಮ ಅವನಿಗೆ ಬಸ್ಸಿನ ಕತೆ ಹೇಳಿ ನಗಿಸುತ್ತಿದ್ದನಂತೆ, ಆ ಋಣ. ಅವನಿಗೂ ಪತ್ರ ಬಂದಿತ್ತು. ಊರಿನ ಮೇಷ್ಟ್ರು ಓದಿ ಹೇಳಿದ್ದರು.

‘ನನಗ ಹಾಕಿದ್ದು ಉಪ್ಪುನೀರಂತ್ರಿ, ಸಾಹೇಬ್ರ’ ಎಂದ. ‘ನಾನೂ ಕುರಿಗೆ ಉಪ್ಪು ನೆಕ್ಕಿಸಿ ಬದುಕಿಸ್ತೀನಿ. ನನ್ನೂ ಹಂಗ ಬದುಕಿಸ್ಯಾರ ನೋಡ್ರಿ. ಕುರಿಗೂ ಕುರಿಗಾರಗೂ ಒಂದ ಮದ್ದು.’

ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ನಾನು ಸೀತಾಫಲದ ಚೀಲವನ್ನು ಒಳಗೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ಬರೆಯುವುದು ನ್ಯಾಯ. ಇತರರು ನನಗೆ ಮಾಡಿದ್ದನ್ನು ಬರೆದಿಡುವವನು ತಾನು ಮಾಡಿದ್ದನ್ನೂ ಬರೆಯಬೇಕು. ಚೀಲ ಮೂರು ದಿನ ಕಟ್ಟೆಯ ಮೇಲೆ ಹಣ್ಣಾಗಿ, ಒಡೆದು, ಇರುವೆ ಹತ್ತಿ ಹೋಯಿತು.

ಔಷಧ ಹೋದವನು ಸತ್ತ, ನೀರು ಹೋದವನು ಬದುಕಿದ. ಇದರ ಅರ್ಥವನ್ನು ಬಿಡಿಸಿ ಹೇಳಬಲ್ಲವರು ಅವರೊಬ್ಬರೇ ಎನ್ನಿಸಿತು. ಅಷ್ಟು ಹೊತ್ತಿಗೆ ಅವರು ಆಸ್ಪತ್ರೆಯ ಕೆಲಸ ಬಿಟ್ಟು ಹಿರೇಹಡಗಲಿಯ ಹೊರಗೆ, ಹೊಲದ ಅಂಚಿನ ಒಂದು ಮನೆಯಲ್ಲಿ ಒಬ್ಬರೇ ಇದ್ದಾರೆ ಎಂದು ಕೇಳಿದ್ದೆ. ವಾರಕ್ಕೆ ಐದು ದಿನ ಹೂವಿನಹಡಗಲಿಗೆ ಹೋಗಿ ಒಂದು ಕೋಣೆಯಲ್ಲಿ ಮೂತ್ರ ಪರೀಕ್ಷೆ ಮಾಡುತ್ತಾರೆ, ಉಳಿದಂತೆ ಕಂಡವರ ಕಾಲು ಒತ್ತುತ್ತಾರೆ ಎಂದು ಜನ ಹೇಳುತ್ತಿದ್ದರು. ನಾನು ಹೋದ ದಿನ ಅಮಾವಾಸ್ಯೆ. ಬಿಸಿಲು ನೆತ್ತಿಗೆ ಬಂದಿತ್ತು.

ಬೇಲಿಯ ತಡಿಕೆ ತೆರೆದಿತ್ತು. ಸಗಣಿ ಸಾರಿಸಿದ ಅಂಗಳದಲ್ಲಿ ಮುತ್ತುಗದ ಎಲೆಗಳನ್ನು ಒಂದೇ ನೇರಕ್ಕೆ ಹಾಕಿದ್ದರು. ನಾನು ಎಣಿಸಿದೆ; ಇಪ್ಪತ್ತೆರಡು. ಪ್ರತಿ ಎಲೆಯ ಬಲಕ್ಕೆ ನೀರಿನ ಲೋಟ. ಕುಳಿತವರು ಯಾರೂ ಇಲ್ಲ. ಅವರು ಬಕೆಟ್ಟು ಹಿಡಿದು ಸಾಲಿನ ಆ ತುದಿಯಿಂದ ಬಾಗಿ ಬಡಿಸುತ್ತಾ ಬರುತ್ತಿದ್ದರು. ಗೋಧಿ ಹುಗ್ಗಿ. ಒಂದೊಂದು ಎಲೆಗೆ ಒಂದೇ ಸೌಟು. ಬಡಿಸಿ, ಮುಖ ಎತ್ತಿ, ಉತ್ತರ ಕೇಳುವವರಂತೆ ಒಂದು ಕ್ಷಣ ನಿಲ್ಲುವರು. ಒಂದು ಎಲೆಯ ಮುಂದೆ ಸೌಟನ್ನು ಎತ್ತಿದವರು, ಯಾರೋ ಕೈ ಅಡ್ಡ ಹಿಡಿದರೇನೋ ಎಂಬಂತೆ ಹಿಂದಕ್ಕೆ ತೆಗೆದುಕೊಂಡು ಮುಂದಕ್ಕೆ ಹೋದರು. ಬೇವಿನ ಮರದ ಮೇಲೆ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

ನಾನು ಕೆಮ್ಮಿದೆ. ಅವರಿಗೆ ಅಚ್ಚರಿಯಾಗಲಿಲ್ಲ.

‘ಬರ್ರಿ ಅಣ್ಣಾರ. ಸಾಲು ತುಳೀಬ್ಯಾಡ್ರಿ, ಹಿಂದಿನಿಂದ ಬರ್ರಿ.’

ಹಿಂದಿನಿಂದ ಹೋದೆ. ನ್ಯಾಯಾಲಯದಲ್ಲಿ ಕಲಿತಂತೆ, ಕಂಡದ್ದನ್ನು ಮಾತ್ರ ಬರೆಯುವ ಅಭ್ಯಾಸ ನನ್ನದು; ಕಂಡದ್ದು ಇಷ್ಟು. ಲೋಟಗಳಲ್ಲಿ ನೀರು ಒಂದೇ ಮಟ್ಟದಲ್ಲಿರಲಿಲ್ಲ. ಬಿಸಿಲಿಗೆ ಆರಿರಬಹುದು ಎಂದುಕೊಂಡೆ. ಬಿಸಿಲಿಗಾದರೆ ಎಲ್ಲವೂ ಒಂದೇ ಸಮ ಆರಬೇಕಿತ್ತು. ಒಂದರಲ್ಲಿ ಅಂಚಿನ ತನಕ ಇತ್ತು, ಒಂದರಲ್ಲಿ ಅರ್ಧ, ಒಂದು ಪೂರ್ತಿ ಖಾಲಿ. ಮನೆಯ ಬಾಗಿಲಿಗೆ ಹತ್ತಿರದ ಮೊದಲ ಎಲೆಯ ಲೋಟದ ತಳದಲ್ಲಿ ಒಂದು ಗುಟುಕು ನೀರಿತ್ತು.

‘ಅದು ಹದಿನಾಲ್ಕನೇಯವ್ರದು’ ಎಂದರು. ‘ಬಾಜೂಕ ನಿಮಗ ಜಾಗ ಬಿಟ್ಟೀನಿ. ಕುಂದರ್ರಿ.’

ಕುಳಿತುಕೊಳ್ಳಲಿಲ್ಲ. ಗುರುತಿಲ್ಲದವರ ಸಾಲಿನಲ್ಲಿ ಕೂರುವವನಲ್ಲ ನಾನು ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ನಿಂತೇ ಕೇಳಿದೆ: ಔಷಧ ಹೋದವನು ಸತ್ತದ್ದು ಹೇಗೆ, ನೀರು ಹೋದವನು ಬದುಕಿದ್ದು ಹೇಗೆ?

ಅವರು ಬಕೆಟ್ಟನ್ನು ಕೆಳಗಿಟ್ಟರು. ಅದು ಕೆಳಗಿದ್ದಾಗಲೂ ಬೆನ್ನು ಹಾಗೇ ಬಾಗಿತ್ತು. ಆಮೇಲೆ ಹೇಳಿದ್ದನ್ನು, ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಇಬ್ಬರಿಬ್ಬರು ರೋಗಿಗಳಂತೆ ಸೀಸೆಗಳು ಜೋಡಿಯಾಗಿ ಬರುತ್ತಿದ್ದವು: ಒಂದರಲ್ಲಿ ಔಷಧದ ಪುಡಿ, ಇನ್ನೊಂದರಲ್ಲಿ ಬರೀ ಉಪ್ಪಿನ ಪುಡಿ. ಕರಗಿಸಿದರೆ ಎರಡೂ ಬಾವಿ ನೀರಿನಷ್ಟು ತಿಳಿ. ಮೊದಲ ಜೋಡಿಯನ್ನು ಕರಗಿಸಿ ಕೈಯಲ್ಲಿ ಹಿಡಿದು ವಾರ್ಡಿನ ಬಾಗಿಲಿಗೆ ಬಂದಾಗ ಹಾಸಿಗೆಗಳು ಅವರಿಗೆ ಹಾಸಿಗೆಗಳಾಗಿ ಕಾಣಲಿಲ್ಲ. ಮಠದ ಸಾಲಾಗಿ ಕಂಡವು. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬನ ಎಲೆಗೆ ತುಪ್ಪ, ಪಕ್ಕದವನ ಎಲೆಗೆ ನೀರು ಬಡಿಸುವುದು ಪಂಕ್ತಿಭೇದ. ಅದಕ್ಕಿಂತ ದೊಡ್ಡ ಪಾಪವಿಲ್ಲವೆಂದು ಏಳನೆಯ ವಯಸ್ಸಿನಲ್ಲಿ ಅವರಿಗೆ ಕಲಿಸಿದ್ದರು.

‘ಕೈ ಏಳಲಿಲ್ರಿ. ಒಳಗ ಹೋಗಿ ಎರಡೂ ಕೂಡಿಸಿದೆ. ಕೂಡಿಸಿ, ಸಮ ಪಾಲು ಮಾಡಿ ಇಬ್ಬರಿಗೂ ಹಾಕಿದೆ. ಆಮ್ಯಾಲ ಎಲ್ಲಾ ಜೋಡಿಗೂ ಹಂಗ ಮಾಡಿದೆ.’

ಹದಿನಾಲ್ಕು, ಹದಿನೈದು ಒಂದೇ ಜೋಡಿ. ಎಂದರೆ ನನ್ನ ತಮ್ಮನಿಗೆ ಸಿಕ್ಕದ್ದು ಅರ್ಧ. ಅವನ ಇನ್ನರ್ಧ ಪಕ್ಕದ ಹಾಸಿಗೆಗೆ ಹೋಗಿತ್ತು. ಅಂಥ ಸಿಟ್ಟು ನನಗೆ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ನನ್ನ ತಮ್ಮನ ಪಾಲನ್ನು ಕದ್ದು ಇನ್ನೊಬ್ಬನಿಗೆ ಬಡಿಸಲು ನೀವು ಯಾರು ಎಂದೆ. ಪೂರ್ತಿ ಹೋಗಿದ್ದರೆ ಅವನು ಬದುಕುತ್ತಿದ್ದನೇ ಎಂದೆ.

‘ಗೊತ್ತಿಲ್ರಿ. ಪೂರ್ತಿ ಹೋಗಿದ್ರ ಬಿ.ಪಿ. ಇಳದು ಇನ್ನಾ ಲಗೂನ ಹೋಗ್ತಿದ್ರೋ ಏನೋ, ಅದೂ ಗೊತ್ತಿಲ್ಲ. ಗೊತ್ತಾಗಾಕ ಒಂದ ದಾರಿ ಇತ್ತು. ಅದನ್ನ ನಾನ ಕೆಡಿಸಿದೆ.’

ಆಮೇಲೆ ಸಾಲಿನ ಕಡೆ ಕೈ ತೋರಿಸಿದರು. ನಾನು ಸತ್ತವರ ಸಾಲೆಂದು ತಿಳಿದಿದ್ದೆ. ಅದು ಅಷ್ಟೇ ಆಗಿರಲಿಲ್ಲ.

‘ಆ ವಾರ್ಡಿನಾಗ ಸತ್ತೋರು ಏಳು ಮಂದಿ. ಅವರ ಎಲಿ ಮೊದಲಿನವು. ಉಳದಾವು ನನ್ನ ಕಣ್ಣಿಗೆ ಕಾಣದೋರವು. ಎಲ್ಲಾರಿಗೂ ಒಂದ ನೀರು ಹಾಕಿದ ಮ್ಯಾಲ ಫರಕು ಎಲ್ಲಿಂದ ಬರಬೇಕ್ರಿ? ಔಷಧ ಕೆಲಸ ಮಾಡಂಗಿಲ್ಲ ಅಂತ ಬರದ್ರು. ನಮ್ಮದೂ ಆ ಲೆಕ್ಕದಾಗ ಸೇರಿತು. ಔಷಧ ಖರೇನ ಚಲೋದಿತ್ತು ಅಂದ್ರ, ಅದು ಸಿಗದ ಹೋಗೋರು ಎಷ್ಟು ಮಂದಿ? ಕಂಡ ಸಾಲಿಗೆ ಭೇದ ಮಾಡಬಾರದಂತ ಕಾಣದ ಸಾಲನ್ನ ಎಬ್ಬಿಸಿ ಕಳಿಸಿಬಿಟ್ಟೆ. ಅದಕ್ಕ ಪ್ರತಿ ಅಮಾಸಿಗೆ ಒಂದ ಎಲಿ ಹೆಚ್ಚಿಗಿ ಹಾಕ್ತೀನಿ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ತಿಳೀವಲ್ದು.’

ಕೊಟ್ಟೂರಿಗೆ ಹಿಂದಿರುಗಿ ದೂರು ಬರೆಯಲು ಕುಳಿತೆ. ದಿನಾಂಕ, ಹಾಸಿಗೆ, ಸೀಸೆ, ಹೇಳಿಕೆ ಒಂದೂ ಬಿಡದೆ ನಾಲ್ಕು ಪುಟವಾಯಿತು. ಅದನ್ನು ಅವರಿಗೆ ಓದಿ ಹೇಳದೆ ಕಳಿಸುವುದು ನ್ಯಾಯವಲ್ಲವೆಂದು ಮತ್ತೆ ಹಿರೇಹಡಗಲಿಗೆ ಹೋದೆ. ಅಂದು ಅಮಾವಾಸ್ಯೆಯಲ್ಲ, ಅಂಗಳ ಬರಿದಾಗಿತ್ತು. ಅವರು ಎರಡು ಲೋಟ ನೀರು ತಂದು ನನ್ನ ಮುಂದಿಟ್ಟು, ಯಾವುದನ್ನು ತೆಗೆದುಕೊಳ್ಳುವೆನೆಂದು ನೋಡುತ್ತಾ ಕುಳಿತರು. ಆ ಎರಡು ಸೀಸೆಗಳನ್ನು ನೆನಪಿಸುವ ಅವಮಾನವೆಂದೇ ಬಗೆದು ಎರಡನ್ನೂ ಮುಟ್ಟಲಿಲ್ಲ. ದೂರನ್ನು ಪೂರ್ತಿ ಓದಿದೆ. ಒಂದು ಕಡೆ ಮಾತ್ರ ತಿದ್ದಿದರು: ನಾನು ‘ಕದ್ದು’ ಎಂದು ಬರೆದದ್ದನ್ನಲ್ಲ, ಸೀಸೆಯ ಅಳತೆಯನ್ನು. ಕೊನೆಯಲ್ಲಿ, ಮೇಲೆ ಬರೆದದ್ದೆಲ್ಲ ನಿಜವೆಂದು ತಮ್ಮ ಕೈಯಾರೆ ಬರೆದು, ಹೆಸರು ಬರೆದು, ಸಹಿ ಹಾಕಿದರು.

‘ಯಾವಾಗ ಬೇಕಾದ್ರೂ ಕಳಸ್ರಿ’ ಎಂದರು. ‘ಕಳಸೋದಂತೂ ಬಿಡಬ್ಯಾಡ್ರಿ.’

ಕಳಿಸಲಿಲ್ಲ. ಕಾರಣ ಹೇಳುತ್ತೇನೆ. ಕಳಿಸಿದರೆ ಕುರಿಗಾರನನ್ನೂ ಕರೆಸುತ್ತಾರೆ. ಅವನ ಮೈಯಲ್ಲಿ ಹೋದದ್ದರಲ್ಲಿ ಅರ್ಧ ನನ್ನ ತಮ್ಮನ ಪಾಲೆಂದು ಹೇಳುತ್ತಾರೆ. ಅವನು ನಗುವುದನ್ನು ಬಿಟ್ಟಾನು. ಅವನ ಮೇಲೆ ನನಗೆ ಪ್ರೀತಿಯಿರಲಿಲ್ಲ. ಆದರೂ ಅಷ್ಟು ಮಾಡಲು ಮನಸ್ಸಾಗಲಿಲ್ಲ. ಇನ್ನೊಂದು ಕಾರಣ, ಈಗ ಒಪ್ಪಿಕೊಳ್ಳುತ್ತೇನೆ: ದೂರು ಪೆಟ್ಟಿಗೆಯಲ್ಲಿದ್ದಷ್ಟು ಕಾಲ ಆ ಮನುಷ್ಯ ನನ್ನ ಕೈಯಲ್ಲಿದ್ದಂತೆ ನನಗೆ ಅನ್ನಿಸುತ್ತಿತ್ತು. ಆಮೇಲೆ ಹಲವು ವರ್ಷ, ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ, ಅವರು ಇನ್ನೊಂದು ಎಲೆ ಹಾಕುತ್ತಿದ್ದಾರೆಂದು ನೆನಪಾಗುತ್ತಿತ್ತು. ಒಂದು ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಂಡೆ: ಸಾಲು ಅಂಗಳ ದಾಟಿ, ತಡಿಕೆ ದಾಟಿ, ಬಂಡಿದಾರಿಗೆ ಬಂದಿತ್ತು. ಎದುರಿನಿಂದ ಬಂದ ಎತ್ತಿನ ಬಂಡಿಯವನು ಯಾರೂ ಹೇಳದೆ ಎತ್ತುಗಳನ್ನು ಹೊಲಕ್ಕೆ ಇಳಿಸಿ, ಸುತ್ತಿ ಹೋದ.

ಅವರನ್ನು ಕೊನೆಯ ಸಲ ಕಂಡದ್ದು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ. ನಾನು ಬೆಂಚಿನ ಮೇಲೆ ಪರಿಚಯದ ವಕೀಲರೊಬ್ಬರೊಡನೆ ಮಾತಾಡುತ್ತಿದ್ದೆ. ಅವರು ಎಲ್ಲಿಂದಲೋ ಬಂದು, ನಮಸ್ಕಾರವನ್ನೂ ಹೇಳದೆ ಬಾಗಿ, ನನ್ನ ಪಂಚೆಯನ್ನು ಗೇಣಷ್ಟು ಸರಿಸಿ, ಕಣಕಾಲಿನ ಮೇಲೆ ಹೆಬ್ಬೆರಳನ್ನು ಊರಿದರು. ಪಕ್ಕದ ಬೆಂಚಿನವರು ಕಾಲುಗಳನ್ನು ಮೇಲಕ್ಕೆ ಎಳೆದುಕೊಂಡರು. ಹೆಬ್ಬೆರಳು ತೆಗೆದು, ತುಟಿಯಲ್ಲಿ ಎಣಿಸಿ, ‘ಹನ್ನೆರಡು’ ಎಂದರು. ಚೀಟಿ ಬರೆದು ಬೆಂಚಿನ ಮೇಲಿಟ್ಟರು. ನಾನು ಅವರೆದುರೇ ಅದನ್ನು ಹರಿದೆ. ವಕೀಲರು ಮುಖ ತಿರುಗಿಸಿ ನಕ್ಕದ್ದನ್ನೂ ಕಂಡೆ. ಬರೀ ಸಿಟ್ಟಿನಿಂದ ಎರಡು ವರ್ಷ ನಾನು ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ.

ಅವರು ಹೋದ ಸುದ್ದಿ ಕೇಳಿದ ಮರುದಿನ ಹಿರೇಹಡಗಲಿಗೆ ಹೋದೆ. ಮನೆಗೆ ಬೀಗ. ಅಂಗಳದಲ್ಲಿ ಮುತ್ತುಗದ ಎಲೆಯ ಕಟ್ಟು ಬಿಸಿಲಿಗೆ ಒಣಗಿ ಮುದುರಿತ್ತು. ಬಿಚ್ಚಿ ಎಣಿಸಲು ಕುಳಿತು, ನೂರರ ಹತ್ತಿರ ಬಂದಾಗ ನಿಲ್ಲಿಸಿದೆ. ಮೂವತ್ತು ವರ್ಷದ ಸೇವೆಯಲ್ಲಿ ಎಣಿಕೆಯನ್ನು ಅರ್ಧಕ್ಕೆ ಬಿಟ್ಟವನಲ್ಲ ನಾನು. ಏಳುವಾಗ ಕಾಲು ಭಾರವಾಗಿತ್ತು. ಅಲ್ಲೇ ಕಟ್ಟೆಯ ಮೇಲೆ ಕುಳಿತು ನನ್ನ ಕಣಕಾಲನ್ನು ನಾನೇ ಒತ್ತಿದೆ. ಹತ್ತೊಂಬತ್ತು.

ಈಗ ನನ್ನ ಮೂತ್ರಪಿಂಡಗಳು ಅರ್ಧಕ್ಕಿಂತ ಹೆಚ್ಚು ಕೆಟ್ಟಿವೆ. ಅದೇ ನಗರ, ಬೇರೆ ಆಸ್ಪತ್ರೆ, ಒಬ್ಬ ಯುವ ಡಾಕ್ಟರಮ್ಮ. ಕಳೆದ ತಿಂಗಳು ಆಕೆ ಬಹಳ ಸಂಕೋಚದಿಂದ ಕೇಳಿದರು: ಹೃದಯದ ಹಾರ್ಮೋನಿನ ಒಂದು ಹೊಸ ರೂಪ ಬಂದಿದೆ, ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಅದರ ಕಟ್ಟನ್ನು ಬದಲಿಸಿದ್ದಾರೆ, ಚರ್ಮದ ಕೆಳಗೆ ಸೂಜಿ, ನಿಧಾನವಾಗಿ ಕೆಡುವ ಮೂತ್ರಪಿಂಡಗಳಿಗೆ ಅದು ನೆರವಾದೀತೇ ಎಂದು ನೋಡುತ್ತಿದ್ದೇವೆ, ಸೇರುತ್ತೀರಾ? ಅರ್ಧ ಜನಕ್ಕೆ ಬರೀ ನೀರು ಎಂಬುದನ್ನು ಕೊನೆಗೆ, ಮೆಲ್ಲಗೆ ಹೇಳಿದರು.

ವಾರದ ಸಮಯ ಕೇಳಿಕೊಂಡು ಮನೆಗೆ ಬಂದೆ. ಮೊದಲು ಗುಡೇಕೋಟೆಗೆ ಹೋದೆ. ಕುರಿಗಾರನಿಗೆ ಎಲ್ಲವನ್ನೂ ಹೇಳಿದೆ. ಅವನು ಎದ್ದು ಕುರಿಗಳಿಗೆ ಉಪ್ಪು ನೆಕ್ಕಿಸಿ ಬಂದ. ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಬರುವಾಗ ಸೀತಾಫಲ ಕೊಟ್ಟ. ತೆಗೆದುಕೊಂಡೆ.

ಆಮೇಲೆ ಪೆಟ್ಟಿಗೆಯಿಂದ ಆ ನಾಲ್ಕು ಪುಟಗಳನ್ನು ತೆಗೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಸಹಿಗೆ ಮೊದಲು ಇದನ್ನು ಓದಿರಿ ಎಂದೆ. ಆಕೆ ಎರಡು ಸಲ ಓದಿದರು. ಕೊನೆಯ ಪುಟದ ಹೆಸರಿನ ಮೇಲೆ ಬೆರಳಿಟ್ಟು, ಇವರು ಈಗ ಎಲ್ಲಿದ್ದಾರೆ ಎಂದು ಕೇಳಿದರು. ಶಿಕ್ಷೆ ಮುಟ್ಟದ ಕಡೆ ಎಂದೆ. ಮುಟ್ಟಬೇಕಾದವರಿಗೆ ಇದನ್ನು ಮುಟ್ಟಿಸುತ್ತೇನೆ ಎಂದು ಆಕೆ ಮಾತು ಕೊಟ್ಟರು. ಹಿಂದಿನದನ್ನು ಮತ್ತೆ ಲೆಕ್ಕ ಹಾಕಬೇಕಾಗಬಹುದು ಎಂದರು.

ಒಪ್ಪಿಗೆ ಪತ್ರವನ್ನು ಓದಿದೆ. ಪೆನ್ನು ಎತ್ತಿಕೊಂಡು ಹೇಳಿದೆ:

‘ನನಗೆ ನೀರೇ ಬಂದರೂ ತಕರಾರಿಲ್ಲಮ್ಮ. ಆದರೆ ಬಡಿಸುವವರಿಗೆ ಒಂದು ಮಾತು ಹೇಳಿ. ಯಾರ ಮೇಲೂ ದಯೆ ತೋರಿಸಿ ಕೂಡಿಸಬಾರದು. ಭೇದ ಮಾಡಿಯೇ ಬಡಿಸಬೇಕು.’

ಸಹಿ ಹಾಕಿದೆ. ನನಗೂ ಒಂದು ಸಂಖ್ಯೆ ಕೊಟ್ಟರು.

ಹೊರಗೆ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಬಾತ ಕಾಲಿನವರು ಸಾಲಾಗಿ ಕುಳಿತಿದ್ದರು. ಆಯಾ ಒಬ್ಬಳು ಎಲ್ಲರಿಗೂ ಅಳೆದ ನೀರನ್ನು ಸ್ಟೀಲಿನ ಲೋಟಗಳಲ್ಲಿ ಇಡುತ್ತಾ ಬಂದಳು. ನನ್ನ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಆಕೆ ಅಲ್ಲಿಯೂ ಒಂದು ಲೋಟ ಇಟ್ಟಳು. ಆ ಜಾಗದಲ್ಲಿ ಯಾರೂ ಇಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಸಂಖ್ಯೆ ಕೂಗಿದಾಗ ಎದ್ದು ಒಮ್ಮೆ ನೋಡಿದೆ. ಅದರ ತಳದಲ್ಲಿ ಒಂದು ಗುಟುಕು ಉಳಿದಿತ್ತು.